ಗಣಿ ಹತ್ತಿರದ ಬಾವಿ ನೀರನ್ನು ಕುದಿಸಿ ಕುಡಿದರೆ ಸಾಕೇ?
ಸಾಲದು. ಕುದಿಸಿದರೆ ಕ್ರಿಮಿಗಳು ಸಾಯುತ್ತವೆ, ಆದರೆ ಗಣಿಯಿಂದ ನೀರಿಗೆ ಸೇರಬಹುದಾದ ಸೀಸ, ಆರ್ಸೆನಿಕ್, ಕ್ಯಾಡ್ಮಿಯಂನಂಥ ವಿಷಲೋಹಗಳು ಎಲ್ಲಿಗೂ ಹೋಗುವುದಿಲ್ಲ. ಆವಿಯಾದಷ್ಟೂ ಉಳಿದ ನೀರಿನಲ್ಲಿ ಅವುಗಳ ಸಾಂದ್ರತೆ ಏರುತ್ತದೆ. ನೀರು ತಿಳಿಯಾಗಿದೆ ಎಂದು ನಂಬಲೂ ಬೇಡಿ.

ನನಗೆ ಹೆಚ್ಚು ಭಯ ಸೀಸದ್ದೇ. ಮಕ್ಕಳ ಮೆದುಳಿಗೆ ಅದು ಮಾಡುವ ಹಾನಿ ಮತ್ತೆ ಸರಿಹೋಗದು. ಆರ್ಸೆನಿಕ್ ವರ್ಷಗಟ್ಟಲೆ ಒಳಗೆ ಹೋದರೆ ಅಂಗೈ, ಅಂಗಾಲಿನ ಚರ್ಮ ಒರಟಾಗಿ ಗಂಟುಗಟ್ಟುತ್ತದೆ, ಮುಂದೆ ಕ್ಯಾನ್ಸರ್ ಕೂಡ ಬರಬಹುದು. ಕ್ಯಾಡ್ಮಿಯಂ ಮೂತ್ರಪಿಂಡ, ಮೂಳೆಗಳನ್ನು ಕೆಡಿಸುತ್ತದೆ. ಜಪಾನಿನ ಜಿಂಝೂ ನದಿ ದಂಡೆಯಲ್ಲಿ ಗಣಿಯ ಕ್ಯಾಡ್ಮಿಯಂನಿಂದ ಮೂಳೆ ಮುರಿದು ನರಳಿದವರ ‘ಇತಾಯ್, ಇತಾಯ್’ (ನೋವು, ನೋವು) ಎಂಬ ಕೂಗೇ ಆ ಕಾಯಿಲೆಯ ಹೆಸರಾಯಿತು.

ಪ್ರಯೋಗಾಲಯದಲ್ಲಿ ಲೋಹಗಳ ಪರೀಕ್ಷೆಯನ್ನೇ ಕೇಳಿ ಮಾಡಿಸಿ. ಆರ್ಸೆನಿಕ್‌ಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ವರದಿ ಬರುವವರೆಗೆ ಮಕ್ಕಳಿಗೆ, ಗರ್ಭಿಣಿಯರಿಗೆ ದಯವಿಟ್ಟು ಬೇರೆ ಕಡೆಯ ನೀರು ಕೊಡಿ.