ಮರಳಿ ಚೌಕಿಗೆ

ಪ್ರಶ್ನೆ: ಹತ್ತು ವರ್ಷ ಯಕ್ಷಗಾನದ ಬಡಗುತಿಟ್ಟಿನ (ಉತ್ತರದ ಶೈಲಿಯ) ಮೇಳದಲ್ಲಿ ವೇಷ ಮಾಡಿದವನು ನಾನು. ಮೇಳ ನಿಲ್ಲುವ ಮಳೆಗಾಲದ ಖಾಲಿ ಕೈ ತಾಳಲಾರದೆ ದುಬೈಗೆ ಹೋದೆ. ನಟನೆಗೆ ಅವಕಾಶ ಸಿಗದೆ ನಾಲ್ಕು ವರ್ಷ ಗೋದಾಮಿನಲ್ಲಿ ದುಡಿದು ಮರಳಿದ್ದೇನೆ. ಮತ್ತೆ ಗೆಜ್ಜೆ ಕಟ್ಟಲು ಸಂಕೋಚ. ಏನು ಮಾಡಲಿ?
– ಓದುಗರೊಬ್ಬರು, ಹೊನ್ನಾವರ

ಉತ್ತರ: ತಮ್ಮಾ, ಹೊಟ್ಟೆಪಾಡಿಗೆ ಹೋದದ್ದು ಕಲೆಗೆ ಬಗೆದ ದ್ರೋಹವಲ್ಲ. ಬೆನ್ನುನೋವಿನಿಂದ ನಾನೂ ಮೇಳದ ಎರಡು ವರ್ಷದ ತಿರುಗಾಟ ಬಿಟ್ಟಿದ್ದೆ. ಮರಳಿದ ರಾತ್ರಿ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಕನ್ನಡಿ ಹಿಡಿದು ಕುಳಿತರೆ, ಹಣೆಗೆ ನಾಮ ಎಳೆಯುವ ಕಡ್ಡಿ ಗಡಗಡ ನಡುಗಿತು. ಪಕ್ಕದಲ್ಲಿದ್ದ ಹಿರಿಯ ವೇಷಧಾರಿ ಮಾತಿಲ್ಲದೆ ನನ್ನ ಮೊಣಕೈಯನ್ನು ಆನಿಸಿ ಹಿಡಿದರು. ಗೆರೆ ನೇರವಾಯಿತು. ಆ ಕೈಯ ಬಿಸಿ ಇನ್ನೂ ನೆನಪಿದೆ.

ಮೊಣಕಾಲೂರಿ ಸುತ್ತುವ ಮಂಡಿ ಕುಣಿತಕ್ಕೆ ಮಾತ್ರ ಆತುರಪಡಬೇಡ. ಭಾರ ಹೊತ್ತ ಮೊಣಕಾಲುಗಳು ಅವು. ಮೊದಲು ಮದ್ದಳೆಗೆ ನಿಧಾನವಾಗಿ ಹೆಜ್ಜೆ ಹಾಕು. ಈ ಮಳೆಗಾಲದಲ್ಲಿ ವೇಷ, ಕುಣಿತವಿಲ್ಲದ ತಾಳಮದ್ದಳೆಗೆ ಕುಳಿತರೆ ಅರ್ಥಗಾರಿಕೆಯ, ಅಂದರೆ ಪಾತ್ರದ ಮಾತುಗಾರಿಕೆಯ, ನಾಲಿಗೆ ಸಡಿಲವಾಗುತ್ತದೆ. 1934ರಲ್ಲಿ ಹುಟ್ಟಿದ ಕೆರೆಮನೆಯ ಮೇಳದ ಊರು ಗುಣವಂತೆ ನಿನ್ನ ತಾಲ್ಲೂಕಿನಲ್ಲೇ ಇದೆ. ಅಲ್ಲಿಯ ಕಲಾವಿದರನ್ನು ಕಂಡು ಮಾತನಾಡು. ಮೇಳಗಳು ದೀಪಾವಳಿಯ ಆಸುಪಾಸಿಗೆ ಹೊರಡುತ್ತವೆ, ಅದಕ್ಕೆ ಮೊದಲೇ ಯಜಮಾನರನ್ನು ಕಾಣು. ಹೋಗುವಾಗ ಆ ಹಳೆಯ ಗೆಜ್ಜೆಯನ್ನೇ ಒಯ್ಯಿ.