ದಣಿವೇ ಇಲ್ಲದ ಮಾಂತ್ರಿಕ: ಒಬ್ಬ ಕಾದಂಬರಿಕಾರರಿಗೆ ಉತ್ತರ

ಮಾನ್ಯರೆ,

ಮಧುಗಿರಿಯಿಂದ ನೀವು ಕಳುಹಿಸಿದ ಫ್ಯಾಂಟಸಿ ಕಾದಂಬರಿಯ ಹಸ್ತಪ್ರತಿಯನ್ನು ಪೂರ್ತಿ ಓದಿದ್ದೇನೆ. ಆರುನೂರು ಪುಟಗಳ ಈ ಮೊದಲ ಸಂಪುಟವನ್ನು ತುಮಕೂರಿನ ನಮ್ಮ ಸಣ್ಣ ಪ್ರಕಾಶನವು ಈಗಿರುವ ರೂಪದಲ್ಲಿ ಪ್ರಕಟಿಸಲಾರದು. ನಾವು ಒಪ್ಪದಿದ್ದರೆ, ಹಣ ಪಡೆದು ಪುಸ್ತಕ ಮಾಡಿಕೊಡುವ ಸಂಸ್ಥೆಯೊಂದರ ಮೂಲಕ ಮುಂದಿನ ತಿಂಗಳೇ ಸ್ವಂತ ಖರ್ಚಿನಲ್ಲಿ ತರುವುದಾಗಿ ನೀವು ತಿಳಿಸಿರುವುದರಿಂದ, 'ವಿಷಾದಪೂರ್ವಕವಾಗಿ ಹಿಂದಿರುಗಿಸುತ್ತಿದ್ದೇವೆ' ಎಂಬ ಒಂದು ಸಾಲಿನಲ್ಲಿ ಮುಗಿಸದೆ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತಿದ್ದೇನೆ.

ನಿಮ್ಮ ಕಾದಂಬರಿಯ ದೊಡ್ಡ ತೊಡಕು ನಿಮ್ಮ ಮಾಂತ್ರಿಕ. ಎರಡನೆಯ ಅಧ್ಯಾಯದಲ್ಲಿ ಅವನು ಸತ್ತವನನ್ನು ಎಬ್ಬಿಸುತ್ತಾನೆ, ಐದನೆಯದರಲ್ಲಿ ಇಡೀ ಸೈನ್ಯವನ್ನು ಕಲ್ಲಾಗಿಸುತ್ತಾನೆ. ಹನ್ನೊಂದನೆಯದರಲ್ಲಿ ಅದೇ ಮಾಂತ್ರಿಕ ನಾಲ್ವರು ಕಾವಲುಗಾರರ ಕೈಗೆ ಸಿಕ್ಕಿ ಸೆರೆಮನೆ ಸೇರುತ್ತಾನೆ. ಆ ದಿನ ಮಂತ್ರ ಏಕೆ ಕೈಕೊಟ್ಟಿತು ಎಂಬುದಕ್ಕೆ ಪುಸ್ತಕದಲ್ಲಿ ಎಲ್ಲಿಯೂ ಉತ್ತರವಿಲ್ಲ. ಕಥೆ ಮುಂದೆ ಸಾಗಲು ಅವನು ಸೆರೆಯಾಗಬೇಕಿತ್ತು, ಆದ್ದರಿಂದ ಆದ, ಅಷ್ಟೆ. ಓದುಗನು ಇದನ್ನು ಒಮ್ಮೆ ಗುರುತಿಸಿದನೆಂದರೆ ಆಮೇಲೆ ನೀವು ಎಷ್ಟು ಯುದ್ಧ ಮಾಡಿಸಿದರೂ ಅವನ ಎದೆ ಡವಗುಟ್ಟುವುದಿಲ್ಲ.

ಬೇತಾಳನ ಕಥೆಗಳ ಕಟ್ಟು ಹೇಗಿದೆ ನೋಡಿ. ರಾಜ ಬಾಯಿ ಬಿಡದೆ ಹೆಣವನ್ನು ಹೊತ್ತು ತರಬೇಕು. ಉತ್ತರ ಗೊತ್ತಿದ್ದೂ ಹೇಳದಿದ್ದರೆ ಅವನ ತಲೆ ಸಿಡಿದು ಹೋಳಾಗುತ್ತದೆ, ಹೇಳಿದರೆ ಬೇತಾಳ ಮರಳಿ ಮರವೇರುತ್ತಾನೆ. ನಿಯಮ ಎರಡೇ ಸಾಲಿನದು. ಸೋಮದೇವನು 11ನೆಯ ಶತಮಾನದಲ್ಲಿ ಕಥಾಸರಿತ್ಸಾಗರದೊಳಗೆ ಸೇರಿಸಿಕೊಂಡ ಆ ಇಡೀ ಕಥಾಮಾಲೆಯನ್ನು ಈ ಎರಡು ಸಾಲುಗಳೇ ಎತ್ತಿ ನಿಲ್ಲಿಸಿವೆ, ಏಕೆಂದರೆ ಪ್ರತಿ ಸಲವೂ ರಾಜನ ಕೆಲಸ ಕೆಡಿಸುವುದು ಅವನ ಜಾಣತನವೇ. ಕೊನೆಗೆ ಅವನಿಗೆ ಉತ್ತರ ಹೊಳೆಯದೆ ಸುಮ್ಮನೆ ನಡೆಯುವ ರಾತ್ರಿಯಲ್ಲಿ ಆ ಸುತ್ತಾಟ ನಿಲ್ಲುವುದೂ ಅದೇ ನಿಯಮದಿಂದ. ನೀವು ನಲವತ್ತು ಪುಟಗಳಲ್ಲಿ ಏಳು ರಾಜವಂಶಗಳ ವಂಶಾವಳಿ ಕೊಟ್ಟಿದ್ದೀರಿ, ಭೂಪಟವನ್ನೂ ಬರೆದಿದ್ದೀರಿ. ಮಂತ್ರಕ್ಕೆ ಮಾತ್ರ ಇಂಥ ಎರಡು ಸಾಲು ಬರೆದಿಲ್ಲ.

ನಿಮಗೆ ಈ ವಿದ್ಯೆ ತಿಳಿಯದು ಎಂದು ನಾನು ಹೇಳಲಾರೆ. ಹದಿನೇಳನೆಯ ಅಧ್ಯಾಯದಲ್ಲಿ ನೀರು ಹೊರುವ ಹೆಂಗಸೊಬ್ಬಳು ಮಟಮಟ ಮಧ್ಯಾಹ್ನದಲ್ಲಿ ಕೋಟೆಯ ಬಂಡೆ ಹತ್ತುತ್ತಾಳೆ. ಕಾಲ್ಬೆರಳು ಊರುವಷ್ಟೇ ಕೊರೆದ ಮೆಟ್ಟಿಲು, ಸೊಂಟದಲ್ಲಿ ಬಿಂದಿಗೆ, ಬರಿಗಾಲು. 'ಅಕ್ಕಯ್ಯಾ, ಕಲ್ಲು ಕಾದೈತೆ, ಹೊತ್ತು ಇಳೀಲಿ ತಡಿ' ಎಂದು ಮೇಲಿನಿಂದ ಕಾವಲಿನವನು ಕೂಗುತ್ತಾನೆ. ಅವಳು ನಿಲ್ಲದೆ, ಕಾಲಿಡುವ ಜಾಗಕ್ಕೆಲ್ಲ ಅಷ್ಟಷ್ಟು ನೀರು ಚೆಲ್ಲಿ ತಣಿಸಿಕೊಂಡು ಹತ್ತುತ್ತಾಳೆ. ಮೇಲೆ ಮುಟ್ಟುವ ಹೊತ್ತಿಗೆ ಬಿಂದಿಗೆ ಅರ್ಧವಾಗಿರುತ್ತದೆ, ಮೇಲಿರುವವರ ಬಾಯಾರಿಕೆ ಹಾಗೆಯೇ ಉಳಿದಿರುತ್ತದೆ. ಈ ಮೂರು ಪುಟಗಳನ್ನು ನಾನು ಮತ್ತೆ ಓದಿದೆ. ನಿಮ್ಮ ಊರಿನ ಏಕಶಿಲಾ ಬೆಟ್ಟವನ್ನು ಹತ್ತಿದವರೇ ಬರೆಯಬಲ್ಲ ಪುಟಗಳು ಇವು ಎಂಬುದು ಒಂದು ಮಾತು. ಪಾದವನ್ನು ಉಳಿಸಿಕೊಂಡರೆ ನೀರು ಹೋಗುತ್ತದೆ ಎಂಬ ಲೆಕ್ಕ ಇಲ್ಲಿದೆ ಎಂಬುದು ಅದಕ್ಕಿಂತ ದೊಡ್ಡ ಮಾತು. ಆದರೆ ಎರಡೇ ಅಧ್ಯಾಯಗಳ ನಂತರ ಮುತ್ತಿಗೆ ಬಿದ್ದಾಗ ಮಾಂತ್ರಿಕನು ಚಿಟಿಕೆ ಹೊಡೆದು ಬೆಟ್ಟದ ದೊಣೆಗಳನ್ನೆಲ್ಲ ತುಂಬಿಸಿಬಿಡುತ್ತಾನೆ. ಹಾಗಾದರೆ ಆ ಹೆಂಗಸು ಹತ್ತಿದ್ದಾದರೂ ಏತಕ್ಕೆ? ಅವನು ದೊಣೆ ತುಂಬಿಸಲಿ, ಬೇಡವೆನ್ನುವುದಿಲ್ಲ. ಅಷ್ಟೇ ನೀರು ಬೇರೆ ಯಾರ ಬಾವಿಯಿಂದಲೋ ಕಡಿಮೆಯಾಗಲಿ, ಅದು ಅವನಿಗೆ ತಿಳಿದಿರಲಿ. ಆಗ ಆರು ತಿಂಗಳ ಮುತ್ತಿಗೆ ತಾನಾಗಿಯೇ ಕಥೆಯಾಗುತ್ತದೆ.

ಸಂಭಾಷಣೆಯ ವಿಷಯದಲ್ಲೂ ಆ ಹದಿನೇಳನೆಯ ಅಧ್ಯಾಯವೇ ನಿಮಗೆ ಮಾದರಿಯಾಗಲಿ. ಉಳಿದ ಕಡೆ ಅಡುಗೆಯವನೂ 'ಎಲೈ' ಎನ್ನುತ್ತಾನೆ. ವಂಶಾವಳಿಯನ್ನು ತೆಗೆದುಬಿಡಿ.

ಇನ್ನು ಸ್ವಂತ ಪ್ರಕಟಣೆ. ಅದು ಕೀಳು ದಾರಿಯೇನಲ್ಲ. ಕನ್ನಡದ ಆರಂಭಕಾಲದ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಆದರೆ ನೀವು ಕಳುಹಿಸಿದ 'ಪ್ಯಾಕೇಜ್' ಪಟ್ಟಿಯಲ್ಲಿ ಐಎಸ್‌ಬಿಎನ್‌ಗೆ, ಅಂದರೆ ಪುಸ್ತಕವನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆಗೆ, ಪ್ರತ್ಯೇಕ ಶುಲ್ಕ ನಮೂದಾಗಿದೆ. ಭಾರತದಲ್ಲಿ ಆ ಸಂಖ್ಯೆಯನ್ನು ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಏಜೆನ್ಸಿ ಉಚಿತವಾಗಿ ಕೊಡುತ್ತದೆ, ಲೇಖಕರೇ ಪ್ರಕಾಶಕರಾಗಿ ಅರ್ಜಿ ಹಾಕಬಹುದು. ಹಕ್ಕುಗಳ ಕಲಮನ್ನು ಇನ್ನೂ ಎಚ್ಚರದಿಂದ ಓದಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು. ವರ್ಗಾವಣೆ ಲಿಖಿತವಾಗಿರಬೇಕು, ಅವಧಿ ಹೇಳದಿದ್ದರೆ ಅದು 5 ವರ್ಷ ಎಂದೇ ಲೆಕ್ಕ. ನಿಮ್ಮ ಪಟ್ಟಿಯಲ್ಲಿ 'ಶಾಶ್ವತವಾಗಿ' ಎಂಬ ಪದವನ್ನು ಸಣ್ಣ ಅಕ್ಷರದಲ್ಲಿ ಸೇರಿಸಿದ್ದಾರೆ. ಹಣ ಕೊಡುವವರು ನೀವಾಗಿರುವಾಗ ಹಕ್ಕನ್ನೂ ಏಕೆ ಕೊಡಬೇಕು?

ಮುದ್ರಣದ ಲೆಕ್ಕವನ್ನೂ ಹೇಳುತ್ತೇನೆ. ಡೆಮಿ 1/8 ಎಂಬ ಪುಸ್ತಕದ ಅಳತೆಯಲ್ಲಿ 16 ಪುಟಕ್ಕೆ ಒಂದು ಫಾರಂ, ಅಂದರೆ ಅಚ್ಚಿನ ಲೆಕ್ಕದ ಒಂದು ಘಟಕ. ನಿಮ್ಮ ಪುಸ್ತಕ ಸುಮಾರು 38 ಫಾರಂ ಆಗುತ್ತದೆ. ಆಫ್‌ಸೆಟ್ ಮುದ್ರಣದಲ್ಲಿ ಪ್ಲೇಟಿನ (ಅಚ್ಚಿನ ತಗಡಿನ) ಖರ್ಚು ಮುನ್ನೂರು ಪ್ರತಿಗೂ ಸಾವಿರ ಪ್ರತಿಗೂ ಒಂದೇ ಆದ್ದರಿಂದ ಹೆಚ್ಚು ಹಾಕಿಸಿದಷ್ಟೂ ಅಗ್ಗ ಎನ್ನುತ್ತಾರೆ, ಮಾರಾಟವಾಗದೆ ಉಳಿದ ಕಟ್ಟುಗಳನ್ನು ಅಟ್ಟದ ಮೇಲೆ ಇಟ್ಟುಕೊಳ್ಳುವವರು ಮಾತ್ರ ನೀವು. ಡಿಜಿಟಲ್ ಮುದ್ರಣದಲ್ಲಿ ಪ್ಲೇಟು ಬೇಕಿಲ್ಲ. ಪ್ರತಿಯೊಂದರ ಖರ್ಚು ಹೆಚ್ಚಾದರೂ ನೂರು ಪ್ರತಿ ಹಾಕಿಸಿ ನೋಡಬಹುದು. ಕಾದಂಬರಿಯನ್ನು 320 ಪುಟಕ್ಕೆ ಇಳಿಸಿದರೆ ಸರಿಯಾಗಿ 20 ಫಾರಂ ಆಗುತ್ತದೆ, ಇಳಿಸುವಷ್ಟು ಸಾಮಗ್ರಿ ಧಾರಾಳವಾಗಿ ಇದೆ. ಕನ್ನಡ ಪುಸ್ತಕ ಪ್ರಾಧಿಕಾರವು ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುವುದು ಹಸ್ತಪ್ರತಿಯನ್ನು ನೋಡಿ. ಅವಸರದಿಂದ ಅಚ್ಚು ಹಾಕಿಸಿದರೆ ಆ ಬಾಗಿಲೂ ಮುಚ್ಚುತ್ತದೆ.

ಕಡತವನ್ನು 'ನುಡಿ' ತಂತ್ರಾಂಶದ ಅಕ್ಷರಗಳಿಂದ ಯುನಿಕೋಡ್‌ಗೆ ಬದಲಿಸುವಾಗ ಅರ್ಕಾವತ್ತುಗಳು ಹಲವೆಡೆ ಪಕ್ಕದ ಅಕ್ಷರಕ್ಕೆ ಹಾರಿವೆ. ಯಂತ್ರವನ್ನು ನಂಬದೆ ಒಮ್ಮೆ ಮುದ್ರಿಸಿಕೊಂಡು ಕಣ್ಣಲ್ಲೇ ತಿದ್ದಿ.

ಗುರುತು ಹಾಕಿದ ಪುಟಗಳನ್ನು ಅಂಚೆಯಲ್ಲಿ ಕಳುಹಿಸುತ್ತಿದ್ದೇನೆ. ಮಂತ್ರದ ನಿಯಮವನ್ನು ಅರ್ಧ ಪುಟದಲ್ಲಿ ಬರೆದು, ಹನ್ನೊಂದು ಮತ್ತು ಹತ್ತೊಂಬತ್ತನೆಯ ಅಧ್ಯಾಯಗಳನ್ನು ಅದಕ್ಕೆ ತಕ್ಕಂತೆ ತಿದ್ದಿ ಕಳುಹಿಸಿದರೆ ಮತ್ತೆ ಓದುತ್ತೇನೆ. ಆ ಸಂಸ್ಥೆಗೆ ಈಗಾಗಲೇ ಮುಂಗಡ ಕೊಟ್ಟಿದ್ದರೆ, ಸಹಿ ಹಾಕುವ ಮೊದಲು ಒಪ್ಪಂದದ ಪ್ರತಿಯನ್ನು ನನಗೂ ತೋರಿಸಿ.

ಇಂತಿ,
ಸಂಪಾದಕ