ಒಂದೇ ತೋಟದ ಶಾಂಪೇನ್, ಬೇರೆ ಬೇರೆ ವರ್ಷ: ಓದುಗರು ಕೇಳಿದ್ದು

ಪ್ರಶ್ನೆ: ಫ್ರಾನ್ಸಿನಿಂದ ಬರುವ ನೆಂಟರ ಕೈಲಿ ಪಿಯೆರ್ ಪೇತೆರ್ಸ್ ಮನೆತನದ ‘ಲೆ ಶೆತಿಯೋಂ’ ತೋಟದ ಶಾಂಪೇನ್, 2013 ಮತ್ತು 2015ರದ್ದು, ತರಿಸುತ್ತಿದ್ದೇವೆ. ಎರಡನ್ನೂ ಒಟ್ಟಿಗೆ ತೆರೆದರೆ ವರ್ಷದ ವ್ಯತ್ಯಾಸ ತಿಳಿಯುತ್ತದೆಯೇ? (ಜಯನಗರದ ಓದುಗರು)

ಉತ್ತರ: ತಿಳಿಯುತ್ತದೆ, ಆದರೆ ಮೊದಲು ಬಾಟಲಿಯ ಹಿಂದಿನ ಚೀಟಿ ಓದಿ. ಒಂದೇ ಊರು (ಲೆ ಮೆನಿಲ್), ಒಂದೇ ತಳಿ (ಶಾರ್ಡೊನೆ), ಒಂದೇ ಸುಣ್ಣದ ನೆಲ. ಹಾಗಿದ್ದರೂ ಪ್ರತಿ ಬಾಟಲಿಗೆ ಎರಡು ವಯಸ್ಸಿರುತ್ತದೆ. ಒಂದು, ದ್ರಾಕ್ಷಿ ಕೊಯ್ದ ವರ್ಷ. ಇನ್ನೊಂದು, ಗುಳ್ಳೆ ಹುಟ್ಟಿಸಲು ಬಾಟಲಿಗೆ ಹಾಕಿದ ಯೀಸ್ಟು ಗಷ್ಟಾಗಿ ಕತ್ತಿನಲ್ಲಿ ಕೂತದ್ದನ್ನು ಹೊರತೆಗೆದ ದಿನ. ಚೀಟಿಯಲ್ಲಿ ‘ದೆಗೋರ್ಜೆ’ ಎಂಬ ಪದದ ಪಕ್ಕ ಆ ತಿಂಗಳು, ವರ್ಷ ಇರುತ್ತದೆ. ಎಲ್ಲರೂ ಅಚ್ಚು ಹಾಕುವುದಿಲ್ಲ.

ಗಷ್ಟಿನ ಜೊತೆ ಇರುವಷ್ಟು ದಿನ ಯೀಸ್ಟು ಆಮ್ಲಜನಕವನ್ನು ಹೀರಿಕೊಂಡು ವೈನನ್ನು ಕಾಯುತ್ತದೆ. ಗಷ್ಟು ತೆಗೆದು, ಚೂರು ಸಕ್ಕರೆ ಬೆರೆಸಿ, ಬಿರಡೆ ಹೊಡೆದ ಮೇಲೆ ಆ ಕಾವಲು ಹೋಗುತ್ತದೆ. ಮೊದಲ ಕೆಲವು ತಿಂಗಳು ಸಕ್ಕರೆ ಬೇರೆ, ಹುಳಿ ಬೇರೆಯಾಗಿ ನಾಲಿಗೆಗೆ ಸಿಗುತ್ತವೆ. ಆಮೇಲೆ ಎರಡೂ ಬೆರೆತು ಸುಟ್ಟ ಬ್ರೆಡ್ಡು, ಹುರಿದ ಬಾದಾಮಿಯ ವಾಸನೆ ಏಳುತ್ತದೆ. ಒಂದು ಬಾಟಲಿಯ ಗಷ್ಟು ತೆಗೆದು ಐದು ವರ್ಷ, ಇನ್ನೊಂದರದ್ದು ಆರು ತಿಂಗಳು ಆಗಿದ್ದರೆ, ಕಾಣುವ ವ್ಯತ್ಯಾಸವನ್ನೆಲ್ಲ ಕೊಯ್ಲಿನ ವರ್ಷಕ್ಕೆ ಕಟ್ಟಬೇಡಿ. ಹೆಚ್ಚಿನವರು ಎಡವುವುದು ಇಲ್ಲೇ.

ಸಕ್ಕರೆಯ ಪ್ರಮಾಣವನ್ನೂ ಹೋಲಿಸಿ. ‘ಎಕ್ಸ್‌ಟ್ರಾ ಬ್ರೂಟ್’ ಎಂದರೆ ಲೀಟರಿಗೆ 6 ಗ್ರಾಂವರೆಗೆ, ‘ಬ್ರೂಟ್’ ಎಂದರೆ 12ಕ್ಕಿಂತ ಕಡಿಮೆ. ಒಂದರಲ್ಲಿ 2, ಇನ್ನೊಂದರಲ್ಲಿ 7 ಇದ್ದರೆ ಎರಡನೆಯದು ಬಿಸಿಲಿನ ವರ್ಷದ್ದೆಂದು ಸುಲಭವಾಗಿ ಮೋಸಹೋಗುತ್ತೀರಿ.

ಇಷ್ಟೂ ನೋಡಿಕೊಂಡ ಮೇಲೆ ವರ್ಷಕ್ಕೆ ಬನ್ನಿ. 2013ರಲ್ಲಿ ಕೊಯ್ಲು ತಡವಾಗಿ, ಅಕ್ಟೋಬರಿಗೂ ಚಾಚಿತ್ತು. ಹುಳಿ ಚುರುಕು, ನಿಂಬೆಯ ಕಡೆಗೆ ಎಳೆಯುತ್ತದೆ. 2015ರ ಬೇಸಿಗೆ ಒಣ, ಬಿಸಿ. ವೈನು ಮೈ ತುಂಬಿಕೊಂಡಿರುತ್ತದೆ, ಆ ವರ್ಷದ ಹಲವು ಶಾಂಪೇನ್‌ಗಳಲ್ಲಿ ಕೊನೆಗೆ ಸೊಪ್ಪಿನಂಥ ಒಂದು ಒಗರು ಇಣುಕುತ್ತದೆ. ಎರಡರಲ್ಲೂ ಒಂದೇ ಥರ ಉಳಿಯುವುದು ಯಾವುದೋ, ಅದನ್ನು ಹುಡುಕಿ. ತೋಟದ ಗುರುತು ಅದೇ.

ವಿಮಾನದಲ್ಲಿ ಒಬ್ಬರಿಗೆ 2 ಲೀಟರ್ ಸುಂಕವಿಲ್ಲ, ಅಂದರೆ 750 ಮಿಲಿಯ ಎರಡೇ ಬಾಟಲಿ. ಬಂದ ಮೇಲೆ ಎರಡು ವಾರ ತಂಪಾದ ಕತ್ತಲಲ್ಲಿ ಬಿಡಿ.

ಪ್ರಶ್ನೆ: ಜೆರೋಮ್ ಪ್ರೆವೋ ಅವರ ‘ಲೆ ಬೆಗೀನ್’ ಶಾಂಪೇನ್ ಮೇಲೆ ವರ್ಷವೇ ಇಲ್ಲ, ‘ಎಲ್‌ಸಿ’ ಎಂದು ಬರೆದು ಪಕ್ಕದಲ್ಲಿ ಸಂಖ್ಯೆಯಿದೆ. ಏನದು? (ಮಲ್ಲೇಶ್ವರ)

ಉತ್ತರ: ‘ಎಲ್‌ಸಿ’ ಎಂದರೆ ‘ಲಾ ಕ್ಲೋಸರಿ’, ಅವರ ವೈನ್ ಮನೆಯ ಹೆಸರು. ಅಂಕಿ ಕೊಯ್ಲಿನ ವರ್ಷದ್ದು. ಚೀಟಿಯ ಮೇಲೆ ವರ್ಷ ಅಚ್ಚು ಹಾಕಬೇಕಾದರೆ ಬಾಟಲಿ ನೆಲಮಾಳಿಗೆಯಲ್ಲಿ ಕನಿಷ್ಠ 3 ವರ್ಷ ಇರಬೇಕೆಂಬುದು ಶಾಂಪೇನ್ ಸೀಮೆಯ ನಿಯಮ. ಅದಕ್ಕೂ ಮುಂಚೆ ಹೊರಬರುವುದರಿಂದ ಈ ಸಂಕೇತ. ದ್ರಾಕ್ಷಿ ಗ್ಯೂ ಊರಿನದು, ತಳಿ ಮ್ಯೂನಿಯೆ.

ಪ್ರಶ್ನೆ: ಆರು ಜನ, ಮೂರು ಬಾಟಲಿ. ತಣ್ಣಗೆ ಮಾಡುವುದು, ಬಡಿಸುವುದು ಹೇಗೆ? (ರಾಜಾಜಿನಗರ)

ಉತ್ತರ: ಫ್ರಿಜ್ಜಿನಲ್ಲಿ ನಾಲ್ಕು ಗಂಟೆ ಇಟ್ಟು, ತೆರೆಯುವ ಕಾಲು ಗಂಟೆ ಮುಂಚೆ ಹೊರಗಿಡಿ. 10ರಿಂದ 12 ಡಿಗ್ರಿಗೆ ಬರಲಿ. ಫ್ರಿಜ್ಜಿನ ತಣುವಿನಲ್ಲೇ ಕುಡಿದರೆ ಹುಳಿ, ಗುಳ್ಳೆ ಬಿಟ್ಟು ಬೇರೇನೂ ಗೊತ್ತಾಗುವುದಿಲ್ಲ. ಏಪ್ರಿಲ್ ಸೆಕೆಯಲ್ಲಾದರೆ ಐದು ನಿಮಿಷ ಸಾಕು.

ಉದ್ದನೆಯ ಸಣ್ಣ ಗ್ಲಾಸು ಬೇಡ, ಬಿಳಿ ವೈನಿನ ಗ್ಲಾಸು ಇರಲಿ. ಸೋಪಿನ ಪಸೆ ಗುಳ್ಳೆಯನ್ನು ಕೊಲ್ಲುತ್ತದೆ. ಬೋರ್‌ವೆಲ್ ನೀರಿನ ಬಿಳಿ ಕಲೆ ಕೂತರೆ ಗ್ಲಾಸಿನಿಂದ ಗ್ಲಾಸಿಗೆ ಗುಳ್ಳೆಯೇ ಬೇರೆಯಾಗುತ್ತದೆ. ಬಿಸಿ ನೀರಲ್ಲಿ ತೊಳೆದು, ಕೊನೆಗೆ ಆರ್‌ಓ ನೀರಲ್ಲಿ ಜಾಲಿಸಿ.

ತಂತಿ ಬಿಚ್ಚಲು ಆರು ಅರ್ಧ ಸುತ್ತು. ಹೆಬ್ಬೆರಳು ಬಿರಡೆಯ ಮೇಲಿಂದ ಏಳಬಾರದು. ಬಿರಡೆ ಹಿಡಿದು ಬಾಟಲಿಯನ್ನು ತಿರುಗಿಸಿ. ಒಳಗೆ 5ರಿಂದ 6 ಅಟ್ಮಾಸ್ಫಿಯರ್ ಒತ್ತಡವಿದೆ.

ಬಾಟಲಿಗಳಿಗೆ ನ್ಯೂಸ್‌ಪೇಪರ್ ಸುತ್ತಿ, ಅಂಕಿ ಬರೆದು, ಒಬ್ಬೊಬ್ಬರಿಗೆ ಮೂರು ಗ್ಲಾಸು, ಒಂದೊಂದಕ್ಕೂ 60 ಮಿಲಿ ಒಟ್ಟಿಗೆ ಬಡಿಸಿ. ಒಂದು ಮುಗಿಸಿ ಇನ್ನೊಂದಕ್ಕೆ ಹೋಗುವುದಕ್ಕಿಂತ ಇದು ಎಷ್ಟೋ ಮೇಲು. ಬಡಿಸಿದಾಗ ಒಮ್ಮೆ, ಅರ್ಧ ಗಂಟೆ ಬಿಟ್ಟು ಒಮ್ಮೆ ಬರೆದುಕೊಳ್ಳಿ. ಊದುಬತ್ತಿ, ಮಲ್ಲಿಗೆ, ಕಾಫಿ ಡಿಕಾಕ್ಷನ್ ಅಂದು ಆ ಕೋಣೆಗೆ ಬೇಡ. ತಿನ್ನಲು ಸಪ್ಪೆ ಬ್ರೆಡ್ಡು ಸಾಕು. ಖಾರದ ಕೋಡುಬಳೆ ರುಚಿ ನೋಡಿ ಮುಗಿದ ಮೇಲೆ.

ಪ್ರಶ್ನೆ: ಒಂದು ಬಾಟಲಿ ಬೇಯಿಸಿದ ಎಲೆಕೋಸಿನ ಹಾಗೆ ನಾರುತ್ತಿತ್ತು. ಆ ವರ್ಷವೇ ಕೆಟ್ಟದ್ದೇ? (ಬಸವನಗುಡಿ)

ಉತ್ತರ: ವರ್ಷದ ತಪ್ಪಲ್ಲ, ಬಹುಶಃ ಬೆಳಕಿನದು. ಬಣ್ಣವಿಲ್ಲದ ಗಾಜಿನ ಬಾಟಲಿ ಟ್ಯೂಬ್‌ಲೈಟಿನ ಕೆಳಗೆ ನಿಂತರೆ ವೈನಿನೊಳಗೆ ಗಂಧಕದ ವಾಸನೆ ಹುಟ್ಟುತ್ತದೆ. ಅಂಗಡಿಯಲ್ಲಿ ಕೊಳ್ಳುವಾಗ ಶೆಲ್ಫಿನ ಮುಂದಿನ ಸಾಲಿನದ್ದು ಬೇಡ, ಡಬ್ಬದೊಳಗಿನದ್ದನ್ನೇ ಕೇಳಿ. ಒದ್ದೆ ರಟ್ಟಿನ ವಾಸನೆ ಬಂದರೆ ದೋಷ ಬಿರಡೆಯದು. ಎರಡೂ ಸರಿಹೋಗುವಂಥವಲ್ಲ. ಆ ಬಾಟಲಿಯನ್ನು ಹೋಲಿಕೆಯಿಂದ ತೆಗೆದುಬಿಡಿ.